ಖಾಲಿ ಚೀಟಿ

ಹೆರ್ನ್‌ಟಾಲ್, 1776 ಫೆಬ್ರುವರಿ 19

ಇವತ್ತು ಹೇಳಿಯೇಬಿಟ್ಟೆ. ಸುಣ್ಣದ ಗುಂಡಿಯಿಂದ ತೊಗಲು ಎತ್ತುತ್ತಿದ್ದವನು ಕೈ ತೊಳೆದುಕೊಂಡು ನೆಟ್ಟಗೆ ನಮ್ಮ ಧರ್ಮಸಭೆಯ ಹಿರಿಯರಾದ ಸೋದರ ಲೊರೆನ್ಸ್ ಅವರ ಕೋಣೆಗೆ ನುಗ್ಗಿ, ಕೈಗವಸು ಹೊಲಿಯುವ ಯುಲಿಯಾನಾಳನ್ನು ಮದುವೆಯಾಗಬೇಕೆಂದಿದ್ದೇನೆ ಎಂದೆ. ಅವರು ಬರೆಯುತ್ತಿದ್ದ ಗರಿ ಕೆಳಗಿಟ್ಟು ನನ್ನ ಮುಖ ನೋಡದೆ ಬೂಟು ನೋಡಿದರು. ಬೂಟಿಗೆ ಸುಣ್ಣ ಮೆತ್ತಿತ್ತು.

"ಕೂತ್ಕೊ ಟೋಬಿಯಾಸ್. ಸಂತೇಲಿ ಹಸು ಕೇಳಿದ ಹಾಗೆ ಕೇಳ್ತಾ ಇದ್ದೀಯಲ್ಲಪ್ಪ. ಅವಳ ಹತ್ರ ಯಾವತ್ತಾದ್ರೂ ಮಾತಾಡಿದ್ದೀಯಾ?"

"ಎಲ್ಲಿ ಮಾತಾಡೋದು? ನೀವು ಬಿಟ್ರೆ ತಾನೆ? ಮದುವೆ ಆಗದ ಗಂಡಸರು ಈ ಮನೇಲಿ, ಹೆಂಗಸರು ಆ ಮನೇಲಿ. ಪ್ರಾರ್ಥನೇಲೂ ಅವರು ಆ ಕಡೆ, ನಾವು ಈ ಕಡೆ. ನಾನು ಹದ ಮಾಡಿದ ಜಿಂಕೆ ತೊಗಲು ಅವಳಿಗೆ ಹೋಗುತ್ತೆ, ಅವಳು ಹೊಲಿದ ಗವಸು ನನ್ನ ಕಣ್ಣಿಗೆ ಬೀಳುತ್ತೆ. ನನಗೆ ಅಷ್ಟು ಸಾಕು."

ಅವಳು ಒಮ್ಮೆ ಒಂದು ತೊಗಲನ್ನು ವಾಪಸು ಕಳಿಸಿ, "ಇದರ ಅಂಚು ತೆಳ್ಳಗಾಗಿದೆ, ಹದ ಮಾಡಿದವರಿಗೆ ಅವತ್ತು ಹೊಟ್ಟೆ ಸರಿ ಇರಲಿಲ್ಲವೇ" ಎಂದು ಹೇಳಿಕಳಿಸಿದ್ದಳು. ಅದನ್ನು ಲೊರೆನ್ಸ್ ಅವರಿಗೆ ಹೇಳಲಿಲ್ಲ. ಆ ತೊಗಲು ಈಗಲೂ ನನ್ನ ಹಾಸಿಗೆಯ ಕೆಳಗಿದೆ.

ಫೆಬ್ರುವರಿ 21

ಲೊರೆನ್ಸ್ ಹದಖಾನೆಗೇ ಬಂದರು. ಮೂಗಿಗೆ ವಸ್ತ್ರ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಶನಿವಾರ ಹಿರಿಯರ ಸಭೆ ಕೂಡುತ್ತದಂತೆ, ನನ್ನ ವಿಷಯವನ್ನು ನಮ್ಮ ರಕ್ಷಕನಾದ ದೇವರ ಮುಂದೆ ಇಡುತ್ತಾರಂತೆ.

"ಗೊತ್ತಲ್ಲ, ಪ್ರಾರ್ಥನೆ ಮಾಡಿ ಪೆಟ್ಟಿಗೆಗೆ ಕೈ ಹಾಕಿ ಚೀಟಿ ಎತ್ತಿದ್ಮೇಲೆ ಬಂದದ್ದೇ ಅವನ ಮಾತು. ನಾನೂ ಬದಲಾಯಿಸೋ ಹಾಗಿಲ್ಲ, ನೀನೂ ಗೊಣಗೋ ಹಾಗಿಲ್ಲ. ಅದಕ್ಕೇ ಕೇಳ್ತೀನಿ, ಎರಡು ಚೀಟಿ ಹಾಕೋಣವೋ ಮೂರೋ? ಎರಡಾದ್ರೆ ಹೌದು, ಇಲ್ಲ. ಮೂರಾದ್ರೆ ಒಂದು ಖಾಲಿ ಇರುತ್ತೆ. ಖಾಲಿ ಬಂದ್ರೆ ಈಗ ಬೇಡ, ಸ್ವಲ್ಪ ಕಾಲ ಬಿಟ್ಟು ಮತ್ತೆ ಕೇಳು ಅಂತ. ನಾನಾಗಿದ್ರೆ ಮೂರು ಹಾಕಿಸ್ತಿದ್ದೆ."

"ಎರಡು ಸಾಕು," ಎಂದೆ. "ಖಾಲಿ ಚೀಟಿ ತಗೊಂಡು ನಾನೇನು ನೆಕ್ಕಲಾ? ಮೂವತ್ತೇಳು ವರ್ಷ ಆಯ್ತು ನನಗೆ. ಹ್ಯಾಟು ಮಾಡೋ ಕಾಸ್ಪರ್ ಬೇರೆ ಪ್ರಾರ್ಥನೆ ಹೊತ್ತಲ್ಲಿ ಆ ಕಡೆನೇ ಕತ್ತು ತಿರುಗಿಸಿಕೊಂಡಿರ್ತಾನೆ."

"ಆತುರ ಮಾಡ್ತಿದ್ದೀಯ."

"ಆತುರ ಅಲ್ಲ, ತೀರ್ಮಾನ. ನಾನು ಇರೋದೇ ಹೀಗೆ."

ಅವರು ಇನ್ನೇನೋ ಹೇಳಲು ಹೊರಟು ವಾಸನೆ ತಡೆಯಲಾರದೆ ಹೋಗಿಬಿಟ್ಟರು. ಒಳ್ಳೆಯವರೇ, ಆದರೆ ಎಲ್ಲವನ್ನೂ ಎಳೆಯುತ್ತಾರೆ. ನನಗೆ ಎಳೆದಾಟ ಆಗದು.

ಫೆಬ್ರುವರಿ 24

ಇಲ್ಲ.

ಫೆಬ್ರುವರಿ 27

ರಕ್ಷಕ ಹೇಳಿದ ಮೇಲೆ ಮುಗಿಯಿತು. ನಾನೇನು ಅಳುತ್ತಾ ಕೂರುವವನಲ್ಲ. ಇಡೀ ದಿನ ತೊಗಲು ಹದಕ್ಕೆ ಹಾಕುವ ಮರದ ತೊಗಟೆ ಕುಟ್ಟಿದೆ. ಊಟಕ್ಕೆ ಹುಳಿ ಎಲೆಕೋಸು ಇತ್ತು, ಸಾಸೇಜೂ ಇತ್ತು, ಎರಡೂ ತಿಂದೆ. ಖಾಲಿ ಚೀಟಿ ಇದ್ದಿದ್ದರೆ ಲೊರೆನ್ಸರ ಕೈಗೆ ಅದೇ ಬರುತ್ತಿತ್ತೇನೋ ಎಂಬ ಯೋಚನೆ ಒಂದೆರಡು ಸಲ ಬಂತು. ಅಂಥ ಯೋಚನೆ ಪಾಪ.

ಮಾರ್ಚ್ 11

ಬಾರ್ಬರಾ ಅಜ್ಜಿ ತೊಗಲು ಒಯ್ಯಲು ಬಂದಿದ್ದಳು. ವಿಧವೆಯರ ಮನೆಯವಳಾದ್ದರಿಂದ ಎರಡೂ ಕಡೆ ಓಡಾಡಲು ಅವಳಿಗೆ ಅಡ್ಡಿಯಿಲ್ಲ. ಬಂದವಳು ಕಟ್ಟು ಎತ್ತಿಕೊಳ್ಳದೆ ತೊಗಟೆಯ ರಾಶಿಯ ಮೇಲೆ ಕೂತಳು.

"ಏನೋ, ಮುಖ ಹುಳಿ ಮಜ್ಜಿಗೆ ಕುಡಿದವನ ಥರ ಇದೆ?"

"ಏನಿಲ್ಲ ಅಜ್ಜಿ."

"ಏನಿಲ್ಲವಂತೆ! ಎರಡೇ ಚೀಟಿ ಹಾಕಿಸಿದ್ದೀಯಂತೆ. ನಿನ್ನ ಬುದ್ಧಿಗಿಷ್ಟು. ನನ್ನ ಗಂಡನಿಗೆ ಖಾಲಿ ಬಂದಿತ್ತು ಕಣೋ. ಒಂದು ವರ್ಷ ಕಾದ, ಆಮೇಲೆ ಹೌದು ಬಂತು. ಹದಿನಾರು ವರ್ಷ ಬಾಳಿದ್ವಿ."

ಇಲ್ಲ ಎಂದು ಬಂದರೆ ಹೆಣ್ಣಿಗೆ ತಿಳಿಸಬಾರದೆಂಬುದು ನಿಯಮ. ಅವಳಿಗೆ ಗೊತ್ತಾಗಿದೆಯೇ ಎಂದು ಕೇಳಿದೆ.

"ಯಾರು, ಯುಲಿಯಾನಾಗಾ? ನಾನಿರೋವಾಗ ಗೊತ್ತಾಗದೆ ಇರುತ್ತಾ?"

"ಏನಂದಳು?"

"ಅನ್ನೋದೇನು ಬಂತು, ಸೂಜಿ ಬೆರಳಿಗೆ ಚುಚ್ಚಿಕೊಂಡ್ಲು."

ನನಗಾದದ್ದು ಸಂಕಟವೋ ಸಂತೋಷವೋ ತಿಳಿಯಲಿಲ್ಲ.

ಏಪ್ರಿಲ್ 7, ಈಸ್ಟರ್

ಬೆಳಗಿನ ಜಾವ ಪುನರುತ್ಥಾನದ ಪ್ರಾರ್ಥನೆಗೆಂದು ಎಲ್ಲರೂ ಸಮಾಧಿಭೂಮಿಗೆ ಹೋದೆವು. ಟ್ರಾಂಬೋನ್ ಕಹಳೆ ಊದುವವರು ಮುಂದೆ. ಸೂರ್ಯ ಹುಟ್ಟುವಾಗ ಹೆಂಗಸರ ಸಾಲಿನಲ್ಲಿ ಅವಳ ಬಿಳಿ ಟೋಪಿ ಕಂಡಿತು. ಮೂವತ್ತು ದಾಟಿದ ಹೆಂಗಸು, ಮೂಗು ಚಳಿಗೆ ಕೆಂಪಾಗಿತ್ತು. ಅವಳು ನೇರವಾಗಿ ನನ್ನನ್ನು ನೋಡಿದಳು. ನಾನು ಕಣ್ಣು ಕೆಳಗೆ ಮಾಡಿದೆ. ಯಾಕೆ ಮಾಡಿದೆನೋ. ಮೊದಲೆಲ್ಲಾ ನಾನು ಕಣ್ಣು ಕೆಳಗೆ ಮಾಡುವವನಾಗಿರಲಿಲ್ಲ.

ಏಪ್ರಿಲ್ 16

ಅಜ್ಜಿ ಇವತ್ತು ಬಾಗಿಲು ಮುಚ್ಚಿ ಮಾತಾಡಿದಳು. ಯುಲಿಯಾನಾಳ ಅಣ್ಣ ಲ್ಯಾಂಕಾಸ್ಟರಿನಲ್ಲಿದ್ದಾನೆ. ನಮ್ಮ ಸಭೆಯವನಲ್ಲ, ಲೋಕದವನು. ಅಲ್ಲಿ ದೊರೆಯ ವಿರುದ್ಧ ಎದ್ದಿರುವ ದಂಡಿಗೆ ಬೂಟು, ಕುದುರೆ ಜೀನು, ಪಟ್ಟಿ ಎಷ್ಟು ಮಾಡಿದರೂ ಸಾಲದಂತೆ. ಹದಗಾರ ಕಾಲಿಟ್ಟರೆ ತಲೆಯ ಮೇಲೆ ಹೊತ್ತು ಮೆರೆಸುತ್ತಾರಂತೆ.

"ಅವಳು ಹೇಳಿಕಳಿಸಿರೋದು ಇಷ್ಟು. ನೀನು ಬರ್ತೀನಿ ಅಂದ್ರೆ ಅವಳು ಊರು ಬಿಟ್ಟು ಬರ್ತಾಳೆ. ಅಲ್ಲಿ ಯಾವ ಪಾದ್ರಿ ಬೇಕಾದ್ರೂ ಮದುವೆ ಮಾಡಿಸ್ತಾನೆ. ಪೆಟ್ಟಿಗೆ ಇಲ್ಲ, ಚೀಟಿ ಇಲ್ಲ."

"ರಕ್ಷಕ ಇಲ್ಲ ಅಂದಿದ್ದಾನೆ ಅಜ್ಜಿ."

"ಅಂದಿದ್ದಾನೆ. ನೀನೇನಂತೀಯಾ?"

ಇದೆಂಥ ಪ್ರಶ್ನೆ! ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಯೋಚಿಸಿ ಹೇಳುತ್ತೇನೆಂದು ಕಳಿಸಿದೆ.

ಏಪ್ರಿಲ್ 17

ಒಂದು ಉಪಾಯ ಹೊಳೆಯಿತು. ಸಭೆ ಕೇಳಿದ್ದು ಮದುವೆಯ ಮಾತು. ಊರು ಬಿಡುವುದನ್ನು ಯಾರೂ ಕೇಳಿಲ್ಲ. ಅದನ್ನು ನಾನೇ ಕೇಳಬಹುದಲ್ಲ? ತೊಗಲಿನ ಮೂರು ತುಂಡು ಕತ್ತರಿಸಿದೆ. ಒಂದು ತೂತಿದ್ದರೆ ಹೌದು, ಎರಡು ತೂತಿದ್ದರೆ ಇಲ್ಲ, ತೂತಿಲ್ಲದ್ದು ಖಾಲಿ. ಈ ಸಲ ಖಾಲಿಯನ್ನು ಮರೆಯಲಿಲ್ಲ. ತೊಗಲಿಗೆ ಹಚ್ಚುವ ಕೊಬ್ಬು ಮುಗಿದ ಡಬ್ಬಿಯಲ್ಲಿ ಹಾಕಿ, ಪ್ರಾರ್ಥಿಸಿ, ಎತ್ತಿದೆ.

ಖಾಲಿ. ಕಾಯಬೇಕು. ಮನಸ್ಸು ಎಷ್ಟೋ ಹಗುರಾಯಿತು.

ಏಪ್ರಿಲ್ 29

ಎರಡು ಸಲ ಕೇಳಿದೆ. ಮೊದಲು ಹೌದು. ಅದು ಸೈತಾನನ ಆಟವೂ ಇರಬಹುದೆಂದು ಇನ್ನೊಮ್ಮೆ ಎತ್ತಿದೆ, ಇಲ್ಲ. ಒಂದಕ್ಕೊಂದು ಹೊಡೆದುಹೋಯಿತು. ಅಜ್ಜಿ ಬಂದಾಗ ಇನ್ನೂ ಸ್ಪಷ್ಟವಾಗಿಲ್ಲ ಎಂದೆ. ಅವಳು ಕಟ್ಟು ಎತ್ತಿಕೊಂಡು, ಕೂರದೆಯೇ ಹೋದಳು. ಕೂರದೆ ಹೋಗುವ ಮುದುಕಿಯಲ್ಲ ಅವಳು.

ಮೇ 14

ಡಬ್ಬಿ ಬೇರೆ ಕೆಲಸಕ್ಕೂ ಅನುಕೂಲ. ಎತ್ತಿನ ತೊಗಲನ್ನು ಇವತ್ತು ತೆಗೆಯಲೋ ನಾಳೆಗೆ ಬಿಡಲೋ ಎಂದು ಕೇಳಿದೆ. ಖಾಲಿ ಬಂತು, ಬಿಟ್ಟೆ. ಮಧ್ಯಾಹ್ನ ಕೇಳಿದೆ, ಮತ್ತೆ ಖಾಲಿ. ತೊಗಲು ಸ್ವಲ್ಪ ಹಾಳಾಯಿತು. ಮೊದಲು ನಾನು ಇಂಥದ್ದನ್ನು ವಾಸನೆ ನೋಡಿ ಮೂಗಿನಿಂದಲೇ ಹೇಳಿಬಿಡುತ್ತಿದ್ದೆ ಎಂದು ಕಾಸ್ಪರ್ ಆಡಿಕೊಂಡ. ಹ್ಯಾಟು ಮಾಡುವವನಿಗೆ ತೊಗಲಿನ ವಿಷಯ ಏನು ಗೊತ್ತು? ಆಡಿಕೊಳ್ಳಲಿ.

ಮೇ 23

ಇವತ್ತು ಒಂದು ಕೆಟ್ಟ ವಿಷಯ ಗೊತ್ತಾಯಿತು. ನಾಲ್ಕು ದಿನದಿಂದ ಹೌದು, ಹೌದು ಎಂದೇ ಬರುತ್ತಿತ್ತು. ಹಿಗ್ಗಿಹೋಗಿದ್ದೆ. ಅಜ್ಜಿ ಬಂದ ಕೂಡಲೇ ಹೇಳಿಬಿಡಬೇಕು ಎಂದುಕೊಂಡಿದ್ದೆ. ಇವತ್ತು ಎತ್ತುವಾಗ ಬೆರಳಿನ ಕಡೆ ಗಮನ ಕೊಟ್ಟೆ. ಇಪ್ಪತ್ತು ವರ್ಷ ತೊಗಲು ಮುಟ್ಟಿದ ಬೆರಳು ಇದು, ಕತ್ತಲಲ್ಲೂ ತೂತು ಹುಡುಕುತ್ತದೆ. ನನಗೆ ತಿಳಿಯದಂತೆ ಅದೇ ಹುಡುಕಿ ಒಂದು ತೂತಿನ ತುಂಡನ್ನು ಹಿಡಿದು ತರುತ್ತಿತ್ತು!

ಎಂಥ ಮೋಸ. ಬೆರಳಿಗೆ ಬೇಕಾದದ್ದನ್ನು ರಕ್ಷಕನ ತಲೆಗೆ ಕಟ್ಟಿದ ಹಾಗಾಯಿತು. ತುಂಡುಗಳನ್ನು ಒಲೆಗೆ ಹಾಕಿ, ಕಾಗದದ ಚೀಟಿ ಮಾಡಿ ಸಮನಾಗಿ ಮಡಚಿಟ್ಟೆ. ಮೊದಲನೆಯ ಸಲವೇ ಇಲ್ಲ ಬಂತು. ಇದು ನಂಬುವಂಥದ್ದು.

ಜೂನ್ 12

ಹೆಂಡತಿಯನ್ನು ಕಳೆದುಕೊಂಡು, ಸೇಂಟ್ ಥಾಮಸ್ ದ್ವೀಪಕ್ಕೆ ಧರ್ಮಪ್ರಚಾರದ ಸೇವೆಗೆ ಹೊರಟಿರುವ ಸೋದರನೊಬ್ಬನಿಗಾಗಿ ಸಭೆ ಯುಲಿಯಾನಾಳ ಹೆಸರು ಇಟ್ಟು ಚೀಟಿ ಎತ್ತಿದೆ. ಹೌದು ಬಂದಿದೆ.

ಇದನ್ನು ಅಜ್ಜಿ ಹೇಳುವಾಗ ನಾನು ಕೊಕ್ಕೆ ಹಿಡಿದು ಗುಂಡಿಯ ಅಂಚಿನಲ್ಲಿದ್ದೆ. ಕಾಲು ಜಾರಿ ಮೊಣಕಾಲವರೆಗೆ ಒಳಗೆ ಹೋಯಿತು.

"ನಿಧಾನ, ಪೂರ್ತಿ ಕೇಳಿ ಆಮೇಲೆ ಬೀಳು," ಎಂದಳು. "ಅವಳು ಒಲ್ಲೆ ಅಂದ್ಲು."

"ಹೌದು ಬಂದ ಮೇಲೂ?"

"ಬಂದ ಮೇಲೂ. ಹೆಣ್ಣನ್ನ ಕೇಳಬೇಕು, ಹೆಣ್ಣು ಒಲ್ಲೆ ಅನ್ನಬಹುದು, ಅದೂ ನಿಯಮದಲ್ಲೇ ಇದೆ. ಯಾರೂ ಅನ್ನಲ್ಲ ಅಷ್ಟೆ. ಅವಳು ಅಂದ್ಲು. ಲೊರೆನ್ಸ್ ಎರಡು ಸಲ ಕೇಳಿದ್ರು, ಎರಡು ಸಲವೂ ಅಂದ್ಲು."

ಹೌದು ಬಂದದ್ದನ್ನು ಒಬ್ಬಳು ಒಲ್ಲೆ ಎನ್ನಬಹುದಾದರೆ, ಇಲ್ಲ ಬಂದದ್ದನ್ನು ಒಬ್ಬ... ಬೇಡ. ಇದನ್ನು ಮುಂದಕ್ಕೆ ಬರೆಯಲಾರೆ.

ಜೂನ್ 30

ಅವಳೇ ಬಂದಿದ್ದಳು. ಹಾಡುಹಗಲು, ಹದಖಾನೆಗೆ, ಒಬ್ಬಳೇ. ಯಾರಾದರೂ ನೋಡಿದ್ದರೆ ಏನು ಗತಿ ಎಂಬ ಭಯ ಅವಳಿಗಿರಲಿಲ್ಲ. ನನಗಿತ್ತು.

"ಎಷ್ಟು ವಾಸನೆ ಇಲ್ಲಿ!" ಎಂದಳು ಮೊದಲು. ಆಮೇಲೆ ನಕ್ಕಳು. ಆ ನಗು ಇಷ್ಟು ಹತ್ತಿರದಿಂದ ಕೇಳಿದ್ದು ಇದೇ ಮೊದಲು.

"ಜುಲೈ ಒಂಬತ್ತಕ್ಕೆ ಅಣ್ಣನ ಗಾಡಿ ನದಿ ಆಚೆ ದಡಕ್ಕೆ ಬರುತ್ತೆ. ನಾನು ಹೋಗ್ತಾ ಇದ್ದೀನಿ. ನೀನು ಬಂದ್ರೂ ಹೋಗ್ತೀನಿ, ಬರದಿದ್ರೂ ಹೋಗ್ತೀನಿ. ಆ ಲೆಕ್ಕ ನನ್ನದು, ಅದಕ್ಕೆ ನೀನು ತಲೆ ಕೆಡಿಸ್ಕೋಬೇಡ. ನೀನು ಬರ್ತೀಯಾ ಅಂತ ಮಾತ್ರ ಕೇಳೋಕೆ ಬಂದೆ. ಏಪ್ರಿಲ್‌ನಿಂದ ಅಜ್ಜಿ ತೊಗಲು ತರ್ತಾಳೆ, ಉತ್ತರ ತರ್ತಾ ಇಲ್ಲ."

ಬರುತ್ತೇನೆ ಎಂಬ ಮಾತು ಬಾಯಿಯವರೆಗೆ ಬಂದಿತ್ತು, ದೇವರಾಣೆ ಬಂದಿತ್ತು. ಆದರೆ ಇಷ್ಟು ದೊಡ್ಡ ಮಾತನ್ನು ಹಾಗೇ ಆಡಿಬಿಡುವುದೆ?

"ಒಂದು ನಿಮಿಷ ಇರು, ಕೇಳಿಬಿಡ್ತೀನಿ," ಎಂದು ಡಬ್ಬಿಗೆ ಕೈ ಹಾಕಿದೆ.

ಅವಳು ಡಬ್ಬಿಯನ್ನು ನೋಡಿದಳು, ಒಳಗಿನ ಚೀಟಿ ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಯ್ಯೋ ಟೋಬಿಯಾಸ್. ನಾನು ಇಲ್ಲೇ ನಿಂತಿದ್ದೀನಲ್ಲೋ."

ಕೈ ಡಬ್ಬಿಯಲ್ಲೇ ಇತ್ತು. ಅವಳು ಬಾಗಿಲಿಗೆ ಹೋಗಿ ತಿರುಗಿ, "ದೋಣಿಕಟ್ಟೆ ಹತ್ರ ಇರ್ತೀನಿ, ಅವತ್ತು ಬೆಳಿಗ್ಗೆ," ಎಂದು ಹೊರಟುಹೋದಳು. ಎತ್ತಿ ನೋಡಿದೆ. ಖಾಲಿ.

ಬೇಸರ ಮಾಡಿಕೊಂಡಳೇನೋ. ನಾನು ತಪ್ಪೇನೂ ಆಡಲಿಲ್ಲವಲ್ಲ.

ಜುಲೈ 8

ಈಸ್ಟನ್ ಪೇಟೆಯಿಂದ ಬಂದ ಗಾಡಿಯವನು ಕೂಗಾಡುತ್ತಿದ್ದ. ಅಲ್ಲಿ ಇವತ್ತು ಕಚೇರಿ ಮೆಟ್ಟಿಲ ಮೇಲೆ ನಿಂತು ಏನೋ ಪತ್ರ ಓದಿದರಂತೆ, ಇನ್ನು ಮೇಲೆ ನಮಗೆ ಕಡಲಾಚೆಯ ದೊರೆ ಇಲ್ಲವಂತೆ, ನಮ್ಮದನ್ನು ನಾವೇ ನೋಡಿಕೊಳ್ಳಬೇಕಂತೆ. ಗಂಟೆ ಬಾರಿಸಿ ಡೋಲು ಬಡಿದರಂತೆ. ನಮ್ಮ ಸೋದರರು ಸುಮ್ಮನೆ ಕೇಳಿಸಿಕೊಂಡು ಊಟಕ್ಕೆ ಹೋದರು.

ನಾನು ಗಂಟು ಕಟ್ಟಿದ್ದೇನೆ. ಎರಡು ಅಂಗಿ, ಹೆರೆಯುವ ಕತ್ತಿ, ಹಾಸಿಗೆಯ ಕೆಳಗಿದ್ದ ಆ ತೊಗಲು. ಡಬ್ಬಿಯನ್ನು ಕೇಳಲಿಲ್ಲ. ಕೈ ತಾನಾಗಿ ಕಟ್ಟಿತು. ನಾಳೆ ಹೋಗುತ್ತೇನೆ.

ಜುಲೈ 9

ಬೆಳಿಗ್ಗೆ ಎದ್ದು ಮುಖ ತೊಳೆದು ಬೂಟಿಗೆ ಎಣ್ಣೆ ಹಚ್ಚಿದೆ. ಗಂಟು ಹೆಗಲಿಗೆ ಹಾಕಿಕೊಂಡ ಮೇಲೆ, ಹೋಗುವ ಮುನ್ನ ಒಂದೇ ಒಂದು ಸಲ ಕೇಳಿ ಹೋಗೋಣ, ಮನಸ್ಸಿಗೆ ಸಮಾಧಾನ ಎನಿಸಿತು. ಖಾಲಿ ಬಂತು. ಕಾಯಬೇಕಲ್ಲ, ಕಾದೆ. ಮತ್ತೆ ಎತ್ತಿದೆ, ಖಾಲಿ. ಕೈ ಶುದ್ಧವಿಲ್ಲವೇನೋ ಎಂದು ಸಾಬೂನು ಹಾಕಿ ತೊಳೆದು ಬಂದೆ. ಇಲ್ಲ ಬಂತು. ಹೆಗಲಿನ ಗಂಟು ಕೆಳಗಿಟ್ಟು ಮೊಣಕಾಲೂರಿ ಬಾಯಿಬಿಟ್ಟು ಬೇಡಿಕೊಂಡು ಇನ್ನೊಮ್ಮೆ ಎತ್ತಿದೆ.

ಹೌದು!

ಚೀಟಿಗಳನ್ನು ಜೇಬಿಗೆ ತುರುಕಿಕೊಂಡು ಹೇಗೆ ಓಡಿದೆನೋ. ಬೇಕರಿಯ ಮುಂದೆ ಯಾರಿಗೋ ಡಿಕ್ಕಿ ಹೊಡೆದೆ, ತಿರುಗಿ ನೋಡಲಿಲ್ಲ. ದೋಣಿಕಟ್ಟೆಯಲ್ಲಿ ಬಾರ್ಬರಾ ಅಜ್ಜಿ ಒಬ್ಬಳೇ ಕಲ್ಲಿನ ಮೇಲೆ ಕೂತಿದ್ದಳು. ದೋಣಿ ಆಚೆ ದಡ ಮುಟ್ಟಿತ್ತು.

"ಅಂಬಿಗನ್ನ ಎರಡು ಸಲ ತಡೆದ್ಲು," ಎಂದಳು ಅಜ್ಜಿ, ನನ್ನ ಕಡೆ ನೋಡದೆ. "ಒಂದು ಸಲ ಬುಟ್ಟಿ ಮರೆತೆ ಅಂದ್ಲು. ಬುಟ್ಟಿ ಅವಳ ಕೈಲೇ ಇತ್ತು. ಇನ್ನೊಂದು ಸಲ ಬರೀ ಕೈ ಅಡ್ಡ ಹಿಡಿದ್ಲು. ಅವನೂ ಎಷ್ಟು ಅಂತ ಕಾಯ್ತಾನೆ?"

"ಹೌದು ಬಂತು ಅಜ್ಜಿ! ಈಗ ತಾನೆ ಬಂತು!"

"ಬಂತಾ? ಸದ್ಯ! ಇನ್ನೇನು ಮತ್ತೆ, ದೋಣಿ ವಾಪಸ್ ಬರುತ್ತೆ, ಹತ್ತು. ಅಗೋ ನೋಡು, ಇನ್ನೂ ಕುದುರೆ ಕಟ್ತಾ ಇದ್ದಾರೆ. ಕೂಗು, ಕೂಗೋ!"

ಕೂಗಲು ಬಾಯಿ ತೆರೆದೆ. ಆಗ ಹೊಳೆಯಿತು. ನಾನು ಕೇಳಿದ್ದು ಅವಳ ಜೊತೆ ಹೋಗಲೇ ಎಂದು. ಈಗ ಅವಳು ಹೊರಟಾಗಿದೆ, ನಾನು ಅವಳ ಹಿಂದೆ ಹೋಗಬೇಕು. ಅದು ಬೇರೆ ಪ್ರಶ್ನೆ. ಅದನ್ನು ಕೇಳಿರಲಿಲ್ಲ. ಅಜ್ಜಿಗೆ ಇದನ್ನು ಬಿಡಿಸಿ ಹೇಳಿ ಜೇಬಿನಿಂದ ಚೀಟಿ ತೆಗೆದೆ.

ಅಜ್ಜಿ ಬಯ್ಯುತ್ತಾಳೆಂದುಕೊಂಡೆ, ಬಯ್ಯಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದು ಊರ ಕಡೆ ಹೋದಳು. ಈ ಸೂಕ್ಷ್ಮ ಅವಳಿಗೆ ಅರ್ಥವಾಗುವುದಲ್ಲ.

ದೋಣಿ ವಾಪಸು ಬಂತು. ಅಂಬಿಗ ಹತ್ತುತ್ತೀಯಾ ಎಂದು ಕೇಳಿದ, ಇರು ಎಂದೆ. ಗಾಡಿ ಆಚೆಯ ಗುಡ್ಡ ಏರಿ ಮರಗಳ ಹಿಂದೆ ಹೋಗುವವರೆಗೂ ಕಾಣುತ್ತಿತ್ತು.

ಜುಲೈ 11

ಲೊರೆನ್ಸ್ ಬಂದಿದ್ದರು. ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ. ಮೂಲೆಯಲ್ಲಿದ್ದ ಗಂಟನ್ನು ನೋಡಿದರು.

"ಹೋಗ್ತೀಯ ಅಂದ್ಕೊಂಡಿದ್ದೆ," ಎಂದರು.

"ತಡೀತಿದ್ದಿರಾ?"

"ಅಳ್ತಿದ್ದೆ. ತಡೀತಿರಲಿಲ್ಲ."

ಡಬ್ಬಿ ಏನೆಂದು ಕೇಳಿದರು. ಹೇಳಿದೆ, ಬಚ್ಚಿಡುವುದೇನಿದೆ.

"ಸಭೇಲಿ ಒಂದೊಂದು ಚೀಟಿ ಎತ್ತೋವಾಗಲೂ ನನ್ನ ಕೈ ನಡುಗುತ್ತೆ ಕಣಪ್ಪ. ಹಿಂದಿನ ದಿನ ಊಟ ಸೇರಲ್ಲ. ನೀನು ತೊಗಲು ತೆಗೀಲಾ ಬಿಡಲಾ ಅಂತ ಅವನನ್ನ ಕೇಳ್ತೀಯಾ? ಅದಕ್ಕೆ ನಿನಗೆ ಮೂಗು ಕೊಟ್ಟಿಲ್ಲವಾ ಅವನು? ಈ ಡಬ್ಬಿ ನನಗೆ ಕೊಟ್ಟುಬಿಡು."

ಕೊಡಲೋ ಬೇಡವೋ ಗೊತ್ತಾಗಲಿಲ್ಲ. ಅವರು ಕೈ ಚಾಚಿಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಆಗಸ್ಟ್ 25

ನಮ್ಮ ಗಂಡಸರ ಮನೆಯ ಮೂವರು ತರುಣರು ದಂಡಿಗೆ ಸೇರಲು ಓಡಿಹೋದರು. ಬೆಳಿಗ್ಗೆಯಿಂದ ಮಳೆ. ತೊಗಲು ಒಣಗುತ್ತಿಲ್ಲ. ಗವಸು ಹೊಲಿಯಲು ಈಗ ಬೇರೆ ಸೋದರಿ ಇದ್ದಾಳೆ, ಅಂಚು ತೆಳ್ಳಗಿದ್ದರೂ ಏನೂ ಅನ್ನುವುದಿಲ್ಲ.

ಸೆಪ್ಟೆಂಬರ್ 22

ಖಾಲಿ.

ನವೆಂಬರ್ 17

ಬಾರ್ಬರಾ ಅಜ್ಜಿ ಎಷ್ಟೋ ದಿನಗಳ ಮೇಲೆ ಹದಖಾನೆಗೆ ಬಂದಳು. ಕೆಮ್ಮುತ್ತಿದ್ದಳು. ತೊಗಟೆಯ ರಾಶಿಯ ಮೇಲೆ ನನ್ನ ಕೋಟು ಹಾಸಿಕೊಟ್ಟೆ. ಸೇಬಿನ ಪಾಕ ಹಚ್ಚಿದ ರೈ ರೊಟ್ಟಿ ತಂದಿದ್ದಳು, ಅರ್ಧ ಮುರಿದು ನನ್ನ ಕೈಗಿಟ್ಟಳು.

"ತಿನ್ನು ಮೊದಲು. ಒಂದು ಸುದ್ದಿ ಇದೆ."

ತಿಂದೆ.

"ಯುಲಿಯಾನಾಗೆ ಮದುವೆ ಆಯ್ತಂತೆ. ಲ್ಯಾಂಕಾಸ್ಟರಲ್ಲೇ. ಜೀನು ಹೊಲಿಯೋನಂತೆ, ಸ್ವಲ್ಪ ಕುಂಟಂತೆ, ಒಳ್ಳೆಯವನಂತೆ."

ಸಂತೋಷವಾಗಿರಲಿ ಎಂದೆ. ನಿಜವಾಗಿಯೂ ಹಾಗೆಯೇ ಅನಿಸಿತು, ಅದರ ಜೊತೆಗೇ ಎದೆಯಲ್ಲಿ ಏನೋ ಕಿತ್ತುಬಂದ ಹಾಗಾಯಿತು. ಅಲ್ಲಿ ಸಭೆಯಿಲ್ಲ, ಪೆಟ್ಟಿಗೆಯಿಲ್ಲ, ಇಷ್ಟು ದೊಡ್ಡ ವಿಷಯವನ್ನು ಹೇಗೆ ತೀರ್ಮಾನ ಮಾಡಿದರೋ ನನಗೆ ತಿಳಿಯಲಿಲ್ಲ.

"ಯಾರನ್ನ ಕೇಳಿದರಂತೆ ಅಜ್ಜಿ?"

ಅಜ್ಜಿ ಮಡಿಲಿನ ರೊಟ್ಟಿಯ ಚೂರು ಕೊಡವಿಕೊಂಡಳು.

"ಯಾರನ್ನ ಅಂದ್ರೆ? ಆ ಜೀನಿನವನನ್ನೇ ಕೇಳಿದ್ಲಂತೆ ಕಣೋ. ಹೂಂ ಅಂದನಂತೆ."